ಎಫ್‌-1 ವೀಸಾದಲ್ಲಿ ಎಂಎಸ್ ಓದುವಾಗ ಒಂದು ಸೆಮಿಸ್ಟರ್ ರಜೆ: ಯಾವುದು ಮೊದಲು, ಯಾವುದು ಆಮೇಲೆ?

ಪ್ರಶ್ನೆ | ಹೊಸಹಾದಿ

ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದೇನೆ, ಎಫ್‌-1 ವಿದ್ಯಾರ್ಥಿ ವೀಸಾ. ಒಟ್ಟು 30 ಕ್ರೆಡಿಟ್. ಎರಡು ಸೆಮಿಸ್ಟರ್‌ಗಳಲ್ಲಿ 18 ಮುಗಿದಿವೆ, 12 ಉಳಿದಿವೆ. ಈಗ ಬೇಸಿಗೆ ರಜೆ, ಇಲ್ಲೇ ಇದ್ದೇನೆ. ಫಾಲ್ ಸೆಮಿಸ್ಟರ್ ಆಗಸ್ಟ್ 24ಕ್ಕೆ ಶುರು. 9 ಕ್ರೆಡಿಟ್‌ಗೆ ರಿಜಿಸ್ಟರ್ ಆಗಿದೆ, ಫೀಸ್‌ನ ಒಂದು ಕಂತು ಕಟ್ಟಿಯಾಗಿದೆ. ಊರಲ್ಲಿ ಅಪ್ಪನಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ. ಅದಾದ ಮೇಲೆ ಮೂರ್ನಾಲ್ಕು ತಿಂಗಳು ನಾನು ಜೊತೆಯಲ್ಲಿರಲೇಬೇಕು. ಸ್ಪ್ರಿಂಗ್ ಜನವರಿ 11ಕ್ಕೆ ಶುರುವಾಗುತ್ತದೆ, ಅಷ್ಟರಲ್ಲಿ ವಾಪಸ್ ಬರುವ ಯೋಚನೆ.

ಕೇಳಬೇಕಾದ್ದು ಮೂರು. ಪೋರ್ಟಲ್‌ನಲ್ಲಿ ಕೋರ್ಸ್ ಡ್ರಾಪ್ ಮಾಡಿ ಟಿಕೆಟ್ ತೆಗೆದುಕೊಂಡು ಹೊರಟರೆ ಸಾಕೇ? ವಾಪಸ್ ಬರಲು ಹೊಸ ವೀಸಾ ಬೇಕಾಗುತ್ತದೆಯೇ? ಒಪಿಟಿಗೆ (ಡಿಗ್ರಿ ಆದ ಮೇಲೆ ಇಲ್ಲಿ ಕೆಲಸ ಮಾಡುವ ಅನುಮತಿ) ಏನಾದರೂ ಧಕ್ಕೆ ಆಗುತ್ತದೆಯೇ? ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸವೂ ಇದೆ, ಊರಿನ ಬ್ಯಾಂಕಿನಲ್ಲಿ ಶಿಕ್ಷಣ ಸಾಲವೂ ಇದೆ.

ಉತ್ತರ 1 | ಕಡಲತೀರ

ದಯವಿಟ್ಟು ಪೋರ್ಟಲ್ ಮುಟ್ಟಬೇಡಿ. ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗುತ್ತವೆ. ಎಫ್‌-1ನಲ್ಲಿ ಇರುವವರಿಗೆ ರಜೆ ಅಂದರೆ ಎರಡು ಬೇರೆ ಬೇರೆ ಕೆಲಸ: ಒಂದು ಯೂನಿವರ್ಸಿಟಿ ಕೊಡುವ ಲೀವ್, ಇನ್ನೊಂದು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ದಾಖಲೆಯಲ್ಲಿ ಆಗಬೇಕಾದ ಬದಲಾವಣೆ. ಡಿಪಾರ್ಟ್‌ಮೆಂಟ್ ಸಹಿ ಹಾಕಿಕೊಟ್ಟರೂ ಎರಡನೆಯದು ತಾನಾಗಿ ಆಗುವುದಿಲ್ಲ. ಅದನ್ನು ಮಾಡಬಲ್ಲವರು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಮಾತ್ರ.

ಆದ್ದರಿಂದ ಮೊದಲ ಮೇಲ್ ಹೋಗಬೇಕಾದ್ದು ಡಿಎಸ್‌ಒಗೆ. ನೀವು ಕೇಳಬೇಕಾದ್ದರ ಹೆಸರು "ಆಥರೈಸ್ಡ್ ಅರ್ಲಿ ವಿತ್‌ಡ್ರಾಯಲ್". ಡಿಎಸ್‌ಒ ಒಪ್ಪಿ ಈ ಕಾರಣ ಹಾಕಿ ದಾಖಲೆ ಮುಗಿಸಿದರೆ ದೇಶ ಬಿಡಲು 15 ದಿನ ಸಿಗುತ್ತದೆ. ಅನುಮತಿ ಇಲ್ಲದೆ ಕೋರ್ಸ್ ಬಿಟ್ಟರೆ ಒಂದು ದಿನದ ಗಡುವೂ ಇಲ್ಲ. ಸ್ಟೇಟಸ್ ಅಲ್ಲಿಗೇ ಮುರಿಯುತ್ತದೆ, ದಾಖಲೆಯಲ್ಲಿ ಬೀಳುವ ಕಾರಣವೂ ಬೇರೆ. ಕೋರ್ಸ್ ಮುಗಿದ ಮೇಲೆ ಸಿಗುವ 60 ದಿನವನ್ನು ಇದರ ಜೊತೆ ಬೆರೆಸಬೇಡಿ. ಅದು ಡಿಗ್ರಿ ಮುಗಿಸಿದವರಿಗೆ ಮಾತ್ರ.

ದಾಖಲೆಯಲ್ಲಿ "ಟರ್ಮಿನೇಟೆಡ್" ಅಂತ ಕಂಡಾಗ ಎದೆ ಧಸಕ್ಕೆನ್ನುವುದು ಸಹಜ. ಆದರೆ ಸೆವಿಸ್‌ನಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅದೇ ಪದ, ಪಕ್ಕದಲ್ಲಿರುವ ಕಾರಣವೇ ಮುಖ್ಯ. ಅರ್ಲಿ ವಿತ್‌ಡ್ರಾಯಲ್ ಅನುಮತಿ ಪಡೆದು ಹೋದದ್ದು, ಅದು ಕಳಂಕವಲ್ಲ.

ಕೆಲಸದ ಸಾಲು ಹೀಗಿರಲಿ. ಡಿಎಸ್‌ಒ ಜೊತೆ ಮಾತಾಡಿ ದಿನಾಂಕ ಗೊತ್ತು ಮಾಡಿಕೊಳ್ಳಿ. ಆಮೇಲೆ ಅಡ್ವೈಸರ್ ಮತ್ತು ಗ್ರಾಜುಯೇಟ್ ಆಫೀಸಿನಿಂದ ಲೀವ್ ಫಾರಂಗೆ ಸಹಿ ಹಾಕಿಸಿ. ಮಂಜೂರಾತಿಯಲ್ಲಿ ನೀವು ಯಾವ ಸೆಮಿಸ್ಟರ್‌ಗೆ ಮರಳುತ್ತೀರಿ ಅನ್ನುವುದು ಬರಹದಲ್ಲಿ ಇರಲೇಬೇಕು, ಇಲ್ಲದಿದ್ದರೆ ಕೆಲವು ಕಡೆ ಮತ್ತೆ ಅಡ್ಮಿಷನ್ ಅರ್ಜಿ ಹಾಕಿಸುತ್ತಾರೆ. ಈ ಎರಡೂ ಕೈಗೆ ಬಂದ ಮೇಲೆ ಕೋರ್ಸ್ ಡ್ರಾಪ್. ಟಿಕೆಟ್ ಕೊನೆಗೆ.

ಇದೆಲ್ಲ ಆಗಸ್ಟ್ 24ರ ಮೊದಲೇ ಮುಗಿಯಲಿ. ತರಗತಿ ಶುರುವಾಗುವ ಮುಂಚೆ ಡ್ರಾಪ್ ಆದ ಕೋರ್ಸ್ ಸಾಮಾನ್ಯವಾಗಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುವುದಿಲ್ಲ, ಫೀಸ್ ಕೂಡ ವಾಪಸ್ ಬರುತ್ತದೆ. ಶುರುವಾದ ಮೇಲೆ ರೀಫಂಡ್ ವಾರದಿಂದ ವಾರಕ್ಕೆ ಇಳಿಯುತ್ತದೆ, ಡ್ರಾಪ್ ಗಡುವು ದಾಟಿದರೆ ಪ್ರತಿ ಕೋರ್ಸ್‌ಗೂ ಡಬ್ಲ್ಯೂ (ಮಧ್ಯದಲ್ಲಿ ಬಿಟ್ಟದ್ದು ಎಂಬ ಗುರುತು) ಬೀಳುತ್ತದೆ. ನಿಮ್ಮ ಯೂನಿವರ್ಸಿಟಿಯ ರೀಫಂಡ್ ಪಟ್ಟಿಯನ್ನು ಇವತ್ತೇ ತೆಗೆದು ನೋಡಿ.

ಉತ್ತರ 2 | ಎಣಿಕೆಗಾರ

ಕಡಲತೀರ ಹೇಳಿದ್ದು ಸರಿ. ನಾನು ತಾರೀಖುಗಳ ಲೆಕ್ಕ ಹೇಳುತ್ತೇನೆ. ವೀಸಾ ಮತ್ತು ಒಪಿಟಿ ಪ್ರಶ್ನೆಗಳಿಗೆ ಉತ್ತರ ಇರುವುದು ಅಲ್ಲೇ.

ಗೆರೆ ಇರುವುದು ಐದು ತಿಂಗಳಿಗೆ. ಐದು ತಿಂಗಳೊಳಗೆ ಮರಳಿದರೆ ಡಿಎಸ್‌ಒ ನಿಮ್ಮ ಹಳೆಯ ಸೆವಿಸ್ ದಾಖಲೆಯನ್ನೇ ಮತ್ತೆ ಆ್ಯಕ್ಟಿವ್ ಮಾಡಲು ಕೋರಬಹುದು. ಸೆವಿಸ್ ಸಂಖ್ಯೆ ಅದೇ, ಅವಧಿ ಇನ್ನೂ ಇದ್ದರೆ ವೀಸಾ ಅದೇ, ಮುಗಿಸಿದ ಎರಡು ಸೆಮಿಸ್ಟರ್‌ಗಳ ಲೆಕ್ಕವೂ ಅದೇ. ಐದು ತಿಂಗಳು ದಾಟಿದರೆ ಹೊಸ ಇನಿಷಿಯಲ್ ಐ-20 (ವೀಸಾಕ್ಕೆ ಬೇಕಾದ, ಯೂನಿವರ್ಸಿಟಿ ಕೊಡುವ ಪತ್ರ), ಹೊಸ ಸೆವಿಸ್ ಸಂಖ್ಯೆ, ಮತ್ತೊಮ್ಮೆ 350 ಡಾಲರ್ ಐ-901 (ಸೆವಿಸ್) ಶುಲ್ಕ, ಹಣದ ದಾಖಲೆಗಳೂ ಹೊಸದಾಗಿ. ಪಾಸ್‌ಪೋರ್ಟ್‌ನಲ್ಲಿರುವ ವೀಸಾದ ಮೇಲೆ ಇನ್ನೂ ಎರಡು ವರ್ಷ ಅಂತ ಬರೆದಿದ್ದರೂ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಹೊಸ ಸಂದರ್ಶನಕ್ಕೆ ತಯಾರಿರಬೇಕು.

ದುಡ್ಡಿಗಿಂತ ದೊಡ್ಡ ಪೆಟ್ಟು ಒಪಿಟಿಗೆ. ಸಿಪಿಟಿಗೂ (ಓದುವಾಗಲೇ ಮಾಡುವ ತರಬೇತಿ ಕೆಲಸ) ಒಪಿಟಿಗೂ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು. ಹೊಸ ದಾಖಲೆ ಬಂದರೆ ಆ ವರ್ಷವನ್ನು ಸೊನ್ನೆಯಿಂದ ಎಣಿಸುತ್ತಾರೆ. ನಿಮಗೆ ಉಳಿದಿರುವುದು 12 ಕ್ರೆಡಿಟ್. ಹೊಸ ದಾಖಲೆಯಲ್ಲಿ ಬಂದು ಅಷ್ಟನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಮುಗಿಸಿದರೆ ಡಿಗ್ರಿ ಕೈಗೆ ಬರುತ್ತದೆ, ಒಪಿಟಿ ಕೈ ತಪ್ಪುತ್ತದೆ. ಲೀವ್ ಫಾರಂನಲ್ಲಿ ಈ ಮಾತು ಎಲ್ಲೂ ಇರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ನಿಮ್ಮ ತಾರೀಖು. ಆಗಸ್ಟ್ 20ಕ್ಕೆ ದಾಖಲೆ ಮುಗಿಸಿ ಅದೇ ವಾರ ಹೊರಟರೆ ಐದು ತಿಂಗಳು ತುಂಬುವುದು ಜನವರಿ 20ಕ್ಕೆ. ಸ್ಪ್ರಿಂಗ್ ಜನವರಿ 11ಕ್ಕೆ. ಒಳಗೇ ಇದ್ದೀರಿ, ಆದರೆ ಕೈಯಲ್ಲಿ ಉಳಿಯುವುದು ಒಂಬತ್ತೇ ದಿನ. ಜುಲೈ 25ಕ್ಕೆ ಹೊರಟರೆ ಐದು ತಿಂಗಳು ಡಿಸೆಂಬರ್ 25ಕ್ಕೇ ಮುಗಿಯುತ್ತದೆ, ಜನವರಿಗೆ ಬರುವಾಗ ಗೆರೆ ದಾಟಿರುತ್ತೀರಿ. ಎಣಿಕೆ ದೇಶ ಬಿಟ್ಟ ದಿನದಿಂದಲೋ ದಾಖಲೆ ಮುಗಿದ ದಿನದಿಂದಲೋ ಎಂದು ಡಿಎಸ್‌ಒ ಹತ್ತಿರ ಬರಹದಲ್ಲೇ ಕೇಳಿ, ನೀವು ಮಾತ್ರ ಎರಡರಲ್ಲಿ ಯಾವುದು ಮೊದಲೋ ಅಲ್ಲಿಂದ ಎಣಿಸಿ. ಶಸ್ತ್ರಚಿಕಿತ್ಸೆಯ ದಿನ ಹೊಂದಿಸಲು ಆಗುವುದಾದರೆ ಆಗಸ್ಟ್ ಮೂರನೇ ವಾರದ ನಂತರ ಇಟ್ಟುಕೊಳ್ಳಿ. ಆಗದಿದ್ದರೆ ಅಪ್ಪನ ಆರೋಗ್ಯವೇ ಮುಖ್ಯ. ಆಗ ಹೊಸ ಐ-20 ದಾರಿಯಲ್ಲಿ ಬಂದು, ಉಳಿದ 12 ಕ್ರೆಡಿಟ್‌ಗಳನ್ನು ಎರಡು ಸೆಮಿಸ್ಟರ್‌ಗೆ ಹಂಚಿಕೊಳ್ಳಬಹುದೇ ಅಂತ ಡಿಎಸ್‌ಒ ಜೊತೆ ಕೂತು ನೋಡಿ. ಕೊನೆಯ ಸೆಮಿಸ್ಟರ್‌ನಲ್ಲಿ ಡಿಗ್ರಿಗೆ ಬೇಕಾದಷ್ಟೇ ಕ್ರೆಡಿಟ್ ತೆಗೆದುಕೊಳ್ಳಲು ಡಿಎಸ್‌ಒ ಅನುಮತಿ ಕೊಡಬಹುದು. ಹಾಗಾಗಿ 9 ಮತ್ತು 3 ಅನ್ನುವ ಹಂಚಿಕೆ ಸಾಧ್ಯ.

ಬೇರೆಯವರಿಗಾಗಿ ಒಂದು ಮಾತು: ಸ್ಪ್ರಿಂಗ್ ಪೂರ್ತಿ ಬಿಟ್ಟು ಫಾಲ್‌ಗೆ ಬರುತ್ತೇನೆ ಅಂದರೆ ಜನವರಿಯಿಂದ ಆಗಸ್ಟ್‌ಗೆ ಏಳು ತಿಂಗಳು, ಗೆರೆ ದಾಟಿಯೇ ದಾಟುತ್ತದೆ. ಅಂಥವರು ಬೇಸಿಗೆ ಸೆಮಿಸ್ಟರ್‌ಗೆ ಮರಳಲು ಆಗುತ್ತದೆಯೇ ಎಂದು ಕೇಳಬೇಕು, ಆದರೆ ಆಗ ಬೇಸಿಗೆಯಲ್ಲೂ ಪೂರ್ತಿ ಕ್ರೆಡಿಟ್ ಹಾಕಬೇಕಾಗುತ್ತದೆ.

ಉತ್ತರ 3 | ತುಂಗೆ

ಮೆಡಿಕಲ್ ಆರ್‌ಸಿಎಲ್ (ಅನಾರೋಗ್ಯದ ಕಾರಣಕ್ಕೆ ಕ್ರೆಡಿಟ್ ಇಳಿಸಲು ಸಿಗುವ ಅನುಮತಿ) ಪಡೆದರೆ ದಾಖಲೆ ಆ್ಯಕ್ಟಿವ್ ಆಗಿಯೇ ಉಳಿಯುತ್ತದಲ್ಲ, ಅದನ್ನೇಕೆ ಯಾರೂ ಹೇಳಲಿಲ್ಲ? ಸೊನ್ನೆ ಕ್ರೆಡಿಟ್‌ಗೂ ಅವಕಾಶ ಇದೆ.

ಉತ್ತರ 4 | ಕಡಲತೀರ

ತುಂಗೆ ಅವರೇ, ಇದೆ, ಆದರೆ ವಿದ್ಯಾರ್ಥಿಯ ಸ್ವಂತ ಅನಾರೋಗ್ಯಕ್ಕೆ ಮಾತ್ರ. ತಂದೆಯ ಶಸ್ತ್ರಚಿಕಿತ್ಸೆಗೆ ಅದು ಬರುವುದಿಲ್ಲ. ಸ್ವಂತಕ್ಕೆ ಬೇಕಾದವರಿಗೆ: ಲೈಸೆನ್ಸ್ ಇರುವ ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಪತ್ರ ಬೇಕು, ಒಂದು ಡಿಗ್ರಿ ಹಂತದಲ್ಲಿ ಎಲ್ಲ ಸೇರಿ 12 ತಿಂಗಳಿಗೆ ಮಿತಿ, ಪ್ರತಿ ಸೆಮಿಸ್ಟರ್‌ಗೂ ಹೊಸ ಅನುಮತಿ. ಕ್ರೆಡಿಟ್ ಇಳಿಸುವ ಮೊದಲೇ ಡಿಎಸ್‌ಒ ಒಪ್ಪಿಗೆ ಆಗಿರಬೇಕು. ಡ್ರಾಪ್ ಮಾಡಿ ಆಮೇಲೆ ಪತ್ರ ತಂದರೆ ಕೆಲಸಕ್ಕೆ ಬಾರದು. ಖಿನ್ನತೆ, ಆತಂಕದಂಥ ಕಾರಣಗಳಿಗೂ ಇದು ಸಲ್ಲುತ್ತದೆ. ಹೇಳಿಕೊಳ್ಳಲು ಹಿಂಜರಿದು ಸ್ಟೇಟಸ್ ಕಳೆದುಕೊಳ್ಳಬೇಡಿ. ಪತ್ರದಲ್ಲಿ ಕಾಯಿಲೆಯ ವಿವರಕ್ಕಿಂತ "ಈ ಸೆಮಿಸ್ಟರ್‌ನಲ್ಲಿ ಓದು ನಿಲ್ಲಿಸಬೇಕು" ಅಥವಾ "ಕಡಿಮೆ ಮಾಡಬೇಕು" ಅನ್ನುವ ವೈದ್ಯರ ಶಿಫಾರಸು ಸ್ಪಷ್ಟವಾಗಿರಬೇಕು.

ಉತ್ತರ 5 | ಲೆಕ್ಕಪತ್ರ

ದುಡ್ಡಿನ ಕಡೆಯ ವಿಷಯಗಳು.

ಕ್ಯಾಂಪಸ್ ಕೆಲಸ ದಾಖಲೆ ಮುಗಿದ ದಿನಕ್ಕೇ ನಿಲ್ಲಬೇಕು. 15 ದಿನ ಇರುವುದು ಹೊರಡಲು, ದುಡಿಯಲು ಅಲ್ಲ. ಆ ಅವಧಿಯಲ್ಲಿ ಒಂದು ಶಿಫ್ಟ್ ಮಾಡಿದರೂ ಅನಧಿಕೃತ ಕೆಲಸವೇ. ಮೇಲ್ವಿಚಾರಕರಿಗೆ ತಾರೀಖನ್ನು ಮೊದಲೇ ಹೇಳಿಬಿಡಿ. ಟಿಎ (ಬೋಧನಾ ಸಹಾಯಕ) ಅಥವಾ ಆರ್‌ಎ (ಸಂಶೋಧನಾ ಸಹಾಯಕ) ಆಗಿದ್ದು ಟ್ಯೂಷನ್ ಮನ್ನಾ ಪಡೆದಿರುವವರು, ಸೆಮಿಸ್ಟರ್ ಮಧ್ಯೆ ಬಿಟ್ಟರೆ ಮನ್ನಾ ಆದ ಹಣವನ್ನು ಕಟ್ಟಿಸಿಕೊಳ್ಳುತ್ತಾರೆಯೇ ಎಂದು ಡಿಪಾರ್ಟ್‌ಮೆಂಟ್‌ನಲ್ಲಿ ಕೇಳಿಟ್ಟುಕೊಳ್ಳಿ.

ಶಿಕ್ಷಣ ಸಾಲಕ್ಕೆ ಬ್ಯಾಂಕಿನಲ್ಲಿ ದಾಖಲಾಗಿರುವುದು ಕೋರ್ಸ್ ಮುಗಿಯುವ ತಿಂಗಳು. ಕಂತು ಶುರುವಾಗುವ ದಿನವನ್ನು ಅದರಿಂದಲೇ ಲೆಕ್ಕ ಹಾಕುತ್ತಾರೆ. ನೀವು ಒಂದು ಸೆಮಿಸ್ಟರ್ ಹಿಂದೆ ಸರಿದದ್ದು ಬ್ಯಾಂಕಿಗೆ ತಿಳಿಯದಿದ್ದರೆ, ಓದುತ್ತಿರುವಾಗಲೇ ಇಎಂಐ ಶುರುವಾಗಿ, ಕಟ್ಟದೆ ಹೋದರೆ ನಿಮ್ಮ ಮತ್ತು ಸಹ ಸಾಲಗಾರರಾದ ತಂದೆಯವರ ಸಿಬಿಲ್ ಎರಡೂ ಕೆಡುತ್ತವೆ. ಲೀವ್ ಮಂಜೂರಾತಿ ಪತ್ರ, ಹೊಸ ಮುಕ್ತಾಯ ದಿನಾಂಕ ಇರುವ ಯೂನಿವರ್ಸಿಟಿ ಪತ್ರ, ನಿಮ್ಮ ಅರ್ಜಿ, ಈ ಮೂರನ್ನು ಸಾಲ ಕೊಟ್ಟ ಶಾಖೆಗೆ ಕೊಟ್ಟು ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಊರಿಗೇ ಹೋಗುತ್ತಿರುವುದರಿಂದ ಇದು ಸುಲಭ. ರಜೆಯಲ್ಲೂ ಬಡ್ಡಿ ಓಡುತ್ತಲೇ ಇರುತ್ತದೆ. ಫಾಲ್ ಫೀಸ್‌ಗೆಂದು ಬ್ಯಾಂಕ್ ಕಳಿಸಿದ ಕಂತು ರೀಫಂಡ್ ಆದರೆ ಅದನ್ನು ಏನು ಮಾಡಬೇಕೆಂದು ಶಾಖೆಯನ್ನು ಕೇಳಿ, ಸ್ವಂತ ಖರ್ಚಿಗೆ ಬಳಸಬೇಡಿ.

ವಿಮೆ: ಯೂನಿವರ್ಸಿಟಿ ಪ್ಲ್ಯಾನ್ ಸಾಮಾನ್ಯವಾಗಿ ಫಾಲ್‌ಗೆ ಮುಂದುವರಿಯುವುದಿಲ್ಲ. ಪ್ರೀಮಿಯಂ ಬಿಲ್ ಆಗಿದ್ದರೆ ತೆಗೆಸಿ. ಮನೆ ಲೀಸ್‌ಗೆ ಲೀವ್ ಅನ್ನುವುದು ಕಾರಣವೇ ಅಲ್ಲ. ಸಬ್‌ಲೀಸ್‌ಗೆ ಮಾಲೀಕರ ಲಿಖಿತ ಒಪ್ಪಿಗೆ ಪಡೆದೇ ಹೊರಡಿ.

ಚಿಕ್ಕದು, ಆದರೆ ಸಿಕ್ಕಿಹಾಕಿಕೊಳ್ಳುವ ವಿಷಯ ಫೋನ್ ನಂಬರ್. ಯೂನಿವರ್ಸಿಟಿ ಲಾಗಿನ್‌ಗೂ ಬ್ಯಾಂಕಿಗೂ ಒಟಿಪಿ ಬರುವುದು ಅಮೆರಿಕದ ನಂಬರ್‌ಗೆ. ಅದನ್ನು ಕಡಿಮೆ ದರದ ಪ್ಲ್ಯಾನ್‌ಗೆ ಬದಲಿಸಿ ಜೀವಂತವಾಗಿಡಿ, ಲಾಗಿನ್‌ಗೆ ಆ್ಯಪ್ ಮೂಲಕ ದೃಢೀಕರಣ ಹಾಕಿಕೊಳ್ಳಿ. ನವೆಂಬರ್‌ನಲ್ಲಿ ಸ್ಪ್ರಿಂಗ್ ರಿಜಿಸ್ಟ್ರೇಷನ್‌ಗೆ ಲಾಗಿನ್ ಆಗಲಾಗದಿದ್ದರೆ ಊರಿನಿಂದ ಸರಿಪಡಿಸುವುದು ಬಹಳ ಕಷ್ಟ.

ಮರುಪ್ರಶ್ನೆ | ಹೊಸಹಾದಿ

ಎಲ್ಲರಿಗೂ ಧನ್ಯವಾದಗಳು. ಡಿಎಸ್‌ಒ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಅಪ್ಪನ ಆಸ್ಪತ್ರೆಯವರು ದಿನಾಂಕವನ್ನು ಆಗಸ್ಟ್ ಕೊನೆಗೆ ಇಡಬಹುದು ಎಂದಿದ್ದಾರೆ. ವಾಪಸ್ ಬರುವಾಗ ಏನೇನು ಆಗಬೇಕು? ನನ್ನ ಐ-20 ಮುಂದಿನ ಮೇ ತಿಂಗಳಿಗೆ ಮುಗಿಯುತ್ತದೆ.

ಉತ್ತರ 6 | ಎಣಿಕೆಗಾರ

ನವೆಂಬರ್ ಮೊದಲ ವಾರವೇ ಡಿಎಸ್‌ಒಗೆ ಮರಳುವ ಕೋರಿಕೆ ಕಳಿಸಿ. ಡಿಸೆಂಬರ್‌ವರೆಗೆ ಕಾಯಬೇಡಿ. ದಾಖಲೆ ಆ್ಯಕ್ಟಿವ್ ಮಾಡಲು ಅವರು ಸೆವಿಸ್‌ಗೆ ತಿದ್ದುಪಡಿ ಕೋರಿಕೆ ಹಾಕಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ, ಜೊತೆಗೆ ಡಿಸೆಂಬರ್ ಕೊನೆಗೆ ಆಫೀಸುಗಳೇ ಮುಚ್ಚಿರುತ್ತವೆ. ನಿಮಗಿರುವುದು ಒಂಬತ್ತು ದಿನದ ಬಿಡುವು, ಅದನ್ನು ಅವರ ರಜೆಗೆ ಕೊಡುವ ಹಾಗಿಲ್ಲ. ಕೋರಿಕೆಯ ಜೊತೆ ಲೀವ್ ಮಂಜೂರಾತಿ ಪತ್ರ, ಸ್ಪ್ರಿಂಗ್ ರಿಜಿಸ್ಟ್ರೇಷನ್ನಿನ ಪ್ರತಿ, ದೇಶ ಬಿಟ್ಟ ದಿನ ತೋರಿಸುವ ಬೋರ್ಡಿಂಗ್ ಪಾಸ್ ಇರಲಿ. ಬೋರ್ಡಿಂಗ್ ಪಾಸನ್ನು ಎಸೆಯಬೇಡಿ, ಅನುಮತಿಯ ಅವಧಿಯೊಳಗೇ ಹೊರಟಿರಿ ಅನ್ನುವುದಕ್ಕೆ ಅದು ಸಾಕ್ಷಿ.

ದಾಖಲೆ ಆ್ಯಕ್ಟಿವ್ ಆಯಿತು ಎಂದು ಡಿಎಸ್‌ಒ ಬರೆದು ಹೇಳುವ ತನಕ ವಿಮಾನ ಹತ್ತಬೇಡಿ. ಟರ್ಮಿನೇಟೆಡ್ ಇರುವಾಗ ಬಂದಿಳಿದರೆ ಇಮಿಗ್ರೇಷನ್ ಕೌಂಟರ್‌ನಲ್ಲೇ ತಡೆಯುತ್ತಾರೆ. ಹೊಸ ಟ್ರಾವೆಲ್ ಸಹಿ ಇರುವ ಐ-20, ಅವಧಿ ಇರುವ ವೀಸಾ, ಲೀವ್ ಪತ್ರ, ಹಣದ ದಾಖಲೆ ಕೈಚೀಲದಲ್ಲಿರಲಿ, ಚೆಕ್‌ಇನ್ ಲಗೇಜ್‌ನಲ್ಲಿ ಅಲ್ಲ.

ಮೇ ತಿಂಗಳ ವಿಷಯ. ಸ್ಪ್ರಿಂಗ್‌ನಲ್ಲಿ 9, ಫಾಲ್‌ನಲ್ಲಿ 3 ಎಂದು ಯೋಜಿಸಿದರೆ ಐ-20 ಮುಕ್ತಾಯ ದಿನಾಂಕ ಮುಂದೆ ಹೋಗಬೇಕು. ವಿಸ್ತರಣೆ ಹಳೆಯ ದಿನಾಂಕ ಮುಗಿಯುವ ಮೊದಲೇ ಆಗಿರಬೇಕು, ಒಂದು ದಿನ ದಾಟಿದರೂ ಡಿಎಸ್‌ಒ ಕೈಯಲ್ಲಿ ಇರುವುದಿಲ್ಲ. ಬಂದ ಮೊದಲ ತಿಂಗಳೇ ಕೇಳಿಬಿಡಿ. ಡಿಸೆಂಬರ್‌ನಲ್ಲಿ ಅಪ್ಪನ ಚೇತರಿಕೆ ತಡವಾಗಿ ಜನವರಿಗೆ ಬರಲಾಗುವುದಿಲ್ಲ ಅನ್ನಿಸಿದರೆ, ಅದನ್ನೂ ಆಗಲೇ ಹೇಳಿ. ಯೂನಿವರ್ಸಿಟಿಯಿಂದ ಲೀವ್ ವಿಸ್ತರಣೆ, ಹೊಸ ಐ-20 ಎರಡಕ್ಕೂ ಆಗ ಸಮಯ ಇರುತ್ತದೆ. ಇನಿಷಿಯಲ್ ಐ-20 ಆದರೆ ಅದರಲ್ಲಿರುವ ಆರಂಭ ದಿನಾಂಕಕ್ಕೆ 30 ದಿನಕ್ಕಿಂತ ಮುಂಚೆ ದೇಶದೊಳಗೆ ಬಿಡುವುದಿಲ್ಲ, ಟಿಕೆಟ್ ತೆಗೆಯುವಾಗ ಅದನ್ನು ನೋಡಿಕೊಳ್ಳಿ.

ಉತ್ತರ 7 | ಲೆಕ್ಕಪತ್ರ

ಒಂದು ಬಿಟ್ಟುಹೋಗಿತ್ತು: ತೆರಿಗೆ. ಈ ವರ್ಷ ಕ್ಯಾಂಪಸ್‌ನಲ್ಲಿ ಸಂಬಳ ಪಡೆದಿರುವುದರಿಂದ ಮುಂದಿನ ಏಪ್ರಿಲ್ 15ರೊಳಗೆ ರಿಟರ್ನ್ ಹಾಕಬೇಕು, ಜೊತೆಗೆ ಫಾರಂ 8843 (ವಿದೇಶಿ ವಿದ್ಯಾರ್ಥಿಗಳು ಅಮೆರಿಕದಲ್ಲಿದ್ದ ದಿನಗಳ ವಿವರ ಕೊಡುವ ಫಾರಂ). ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆ ತೋರಿಸುವ ಪತ್ರ) ಬರುವುದು ಜನವರಿ ಕೊನೆಗೆ, ನೀವು ಬಿಟ್ಟುಬಂದ ಮನೆಯ ವಿಳಾಸಕ್ಕೆ. ಹೊರಡುವ ಮೊದಲೇ ಪೇರೋಲ್‌ನಲ್ಲಿ ಎಲೆಕ್ಟ್ರಾನಿಕ್ ಪ್ರತಿ ಆಯ್ಕೆ ಮಾಡಿಡಿ.