ಅಪ್‌ಡೇಟ್: ಹಳೇ ಬ್ಯಾಂಡ್ ಮತ್ತೆ ಸೇರಿತು, ಹೊಸ ದನಿಯ ಜೊತೆ

ಎರಡು ವಾರದ ಹಿಂದೆ ಕೇಳಿದ್ದೆ: ಕಾಲೇಜಿನ ನಮ್ಮ ರಾಕ್ ಬ್ಯಾಂಡ್ ಮತ್ತೆ ಶುರು ಮಾಡುತ್ತಿದ್ದೇವೆ, ಹಳೇ ಗಾಯಕನಿಗೆ ಈಗ ಮೇಲಿನ ಸ್ವರ ಸಿಗುತ್ತಿಲ್ಲ, ಏನು ಮಾಡೋದು ಅಂತ.

ಹಾಡು ಅವನ ದನಿಗೆ ಎಟುಕಲಿ ಅಂತ ಗಿಟಾರ್ ಶ್ರುತಿಯನ್ನು ಅರ್ಧ ಸ್ವರ ಇಳಿಸಿ ನೋಡಿದೆವು. ಸಾಲಲಿಲ್ಲ. ಇನ್ನೂ ಇಳಿಸಿದರೆ ತಂತಿ ಸಡಿಲವಾಗಿ ಗರಗರ ಅನ್ನುತ್ತಿತ್ತು. ಕೈಹಿಡಿದದ್ದು ಅಮೆರಿಕದ ರಾಕ್ ಬ್ಯಾಂಡ್ 'ಜರ್ನಿ'ಯನ್ನು ನೆನಪಿಸಿದವರ ಸಲಹೆ. 2007ರಲ್ಲಿ ಅದರ ಗಿಟಾರಿಸ್ಟ್ ನೀಲ್ ಶಾನ್, ಫಿಲಿಪ್ಪೀನ್ಸಿನ ಆರ್ನೆಲ್ ಪಿನೆಡಾ ಹಾಡಿದ್ದನ್ನು ಯೂಟ್ಯೂಬಿನಲ್ಲೇ ನೋಡಿ ಹೊಸ ಗಾಯಕನಾಗಿ ಕರೆಸಿಕೊಂಡರಲ್ವಾ? ನಾವೂ ವಿಡಿಯೋ ಹುಡುಕಿ 24 ವರ್ಷದ ಹುಡುಗನೊಬ್ಬನನ್ನು ಕರೆದೆವು.

ಹಳೇ ಗೆಳೆಯನನ್ನು ಬಿಡಲಿಲ್ಲ. ಅವನು ಕೆಳಗಿನ ಸ್ವರದಲ್ಲಿ ಜೊತೆಗೆ ಹಾಡುತ್ತಾನೆ. ಆಶ್ಚರ್ಯ ಅಂದರೆ, ಎರಡು ದನಿ ಸೇರಿ ಹಾಡು ಮೊದಲಿಗಿಂತ ಜಾಸ್ತಿ ತುಂಬಿಕೊಂಡಿದೆ. ಮೊನ್ನೆ ಅಭ್ಯಾಸ ಮುಗಿದ ಮೇಲೂ ಯಾರೂ ಮನೆಗೆ ಹೊರಡಲಿಲ್ಲ. ಆ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.