ಕೀಲ್ ಬಿಟ್ಟುಕೊಂಡರೆ ಹೊಣೆ ಯಾರದು: ಡೀಲರ್, ತಯಾರಕ, ಮಾಲೀಕ?

ಪಡುಗಾಳಿ: ಬ್ರಿಟನ್ನಿನಲ್ಲಿ ಡೀಲರ್ ಹತ್ತಿರ ಹೊಸದಾಗಿ ಕೊಂಡ 40 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ, ಸ್ವಂತ ಬಳಕೆಯದು. ನಾಲ್ಕನೇ ವರ್ಷಕ್ಕೆ ಕೀಲ್ (ದೋಣಿ ಮಗುಚದಂತೆ ತಳದಡಿ ಜೋಡಿಸಿದ ಭಾರದ ರೆಕ್ಕೆ) ಬೋಲ್ಟುಗಳ ಸುತ್ತ ಬಿರುಕು ಬಿಟ್ಟು ನೀರು ಜಿನುಗುತ್ತದೆ. ತಯಾರಕರು "ಬಂಡೆಗೆ ತಾಗಿಸಿದ್ದೀರಿ" ಅನ್ನುತ್ತಾರೆ, ಡೀಲರ್ "ತಯಾರಕರನ್ನೇ ಕೇಳಿ" ಅನ್ನುತ್ತಾರೆ. ವಾರಂಟಿ ಮುಗಿದಿದೆ. ಇಂಥದ್ದರಲ್ಲಿ ಯಾರನ್ನು ಹಿಡಿಯಬೇಕು?

ಲಂಗರು: ಮೊದಲು ಡೀಲರನ್ನು. ದುಡ್ಡು ಪಡೆದು ಮಾರಿದವರು ಅವರು, ತಯಾರಕರ ಕಡೆ ಕೈತೋರಿಸಿ ಜಾರಿಕೊಳ್ಳುವಂತಿಲ್ಲ. ವಾರಂಟಿ ಬೇರೆ, 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಬೇರೆ; ವಾರಂಟಿ ಮುಗಿದರೂ ಕಾಯ್ದೆಯ ಹಕ್ಕು ಉಳಿಯುತ್ತದೆ. ದಾವೆ ಹೂಡಲು ಇಂಗ್ಲೆಂಡಿನಲ್ಲಿ 6 ವರ್ಷ, ಸ್ಕಾಟ್ಲೆಂಡಿನಲ್ಲಿ 5 ವರ್ಷ ಕಾಲಾವಕಾಶ ಇದೆ. ಆದರೆ ಮೊದಲ 6 ತಿಂಗಳು ದಾಟಿದ ಮೇಲೆ, ದೋಷ ಮಾರುವಾಗಲೇ ಇತ್ತೆಂದು ತೋರಿಸುವ ಭಾರ ಕೊಂಡವರದು.

ತಯಾರಕರ ಮೇಲೆ 1987ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹೋಗಬಹುದು. ಅಲ್ಲಿ ನಿರ್ಲಕ್ಷ್ಯ ಸಾಬೀತು ಮಾಡಬೇಕಿಲ್ಲ, ದೋಷ ತೋರಿಸಿದರೆ ಸಾಕು. ಆದರೆ ಆ ಕಾಯ್ದೆ ಸಾವು, ಗಾಯ ಮತ್ತು ಬೇರೆ ಆಸ್ತಿಯ ನಷ್ಟಕ್ಕೆ ಮಾತ್ರ. ದೋಣಿಗೇ ಆದ ಹಾನಿಗೆ ಅದರಲ್ಲಿ ಕಾಸೂ ಸಿಗದು. ಬಹಳ ಜನ ಎಡವುವುದು ಇಲ್ಲೇ.

ಗಾಜುನಾರು: ಕಾನೂನಿಗಿಂತ ಮೊದಲು ಸಾಕ್ಷ್ಯ ಕಾಪಾಡಿ. ರಿಪೇರಿ ಮಾಡಿಸಬೇಡಿ, ಬಿರುಕನ್ನು ಉಜ್ಜಿ ತೊಳೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಬೋಲ್ಟು ಬಿಚ್ಚುವ ಮುಂಚೆ ಡೀಲರ್, ತಯಾರಕ, ವಿಮೆಯವರು ಮೂವರಿಗೂ ಲಿಖಿತ ನೋಟಿಸ್ ಕೊಟ್ಟು ಜಂಟಿ ಸರ್ವೆಗೆ (ಎಲ್ಲರ ಎದುರು ತಪಾಸಣೆಗೆ) ಕರೆಯಿರಿ.

ತಳಕ್ಕೆ ತಾಗಿದ್ದರೆ ಸಾಮಾನ್ಯವಾಗಿ ಕೀಲಿನ ಮುಂಭಾಗದ ಕೆಳತುದಿಯಲ್ಲಿ ಜಜ್ಜಿದ ಗುರುತು ಇರುತ್ತದೆ. ಕೀಲಿನ ಹಿಂತುದಿ ಮೇಲಕ್ಕೆ ಒತ್ತಿ ಅಲ್ಲಿನ ಒಡಲು ಒಡೆದಿರುತ್ತದೆ. ಅದೇನೂ ಇಲ್ಲದೆ ಪದರಗಳು ಹಾಳೆಯಂತೆ ಬಿಟ್ಟುಕೊಂಡಿದ್ದರೆ, ರೆಸಿನ್ (ಗಾಜುನಾರನ್ನು ಗಟ್ಟಿಯಾಗಿ ಹಿಡಿದಿಡುವ ಅಂಟು) ಕುಡಿಯದ ಒಣ ನಾರು ಕಂಡರೆ, ಕಾರ್ಖಾನೆಯ ಕೆಲಸದ ಮೇಲೆ ಅನುಮಾನ ಬಲವಾಗುತ್ತದೆ. ಒಂದು ತುಂಡನ್ನು ಲ್ಯಾಬಿನಲ್ಲಿ ಸುಟ್ಟರೆ ರೆಸಿನ್ ಹೋಗಿ ಗಾಜುನಾರು ಉಳಿಯುತ್ತದೆ. ಪದರ ಎಣಿಸಿ, ತೂಕ ನೋಡಿ, ತಯಾರಕರ ಲ್ಯಾಮಿನೇಟ್ ನಕ್ಷೆಯ (ಎಲ್ಲಿ ಎಷ್ಟು ಪದರ ಇರಬೇಕೆಂಬ ವಿವರ) ಜೊತೆ ಹೋಲಿಸಿ.

ಚುಕ್ಕಾಣಿ: ಎರಡು ಪ್ರಕರಣ ಗಮನಿಸಿ. 2014ರ ಮೇ ತಿಂಗಳಲ್ಲಿ 'ಚೀಕಿ ರಫೀಕಿ' ಎಂಬ ಹಾಯಿದೋಣಿ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳೆದುಕೊಂಡು ನಾಲ್ವರು ಸತ್ತರು. ಹಿಂದೆ ತಳಕ್ಕೆ ತಾಗಿದ್ದು, ಆಮೇಲಿನ ರಿಪೇರಿ ಇವೆಲ್ಲ ತನಿಖೆಗೆ ಬಂದವು. ವಿಚಾರಣೆ ಎದುರಿಸಿದ್ದು ದೋಣಿ ನಡೆಸುತ್ತಿದ್ದ ಸಂಸ್ಥೆಯ ನಿರ್ದೇಶಕ. 2015ರ ಜುಲೈನಲ್ಲಿ ಸ್ಪೇನ್ ಹತ್ತಿರ ಆಯ್‌ಸ್ಟರ್ 825 ಮಾದರಿಯ 'ಪೊಲಿನಾ ಸ್ಟಾರ್ 3' ಮುಳುಗಿತು. ಅಲ್ಲಿ ಒಳರಚನೆ ಕಟ್ಟಿದ ವಿಧಾನದಲ್ಲೇ ದೌರ್ಬಲ್ಯ ಇದ್ದಿರಬಹುದೆಂದು ತಯಾರಕ ಕಂಪನಿ ಆಯ್‌ಸ್ಟರ್ ತಾನೇ ಹೇಳಿತು. 2018ರಲ್ಲಿ ಕಂಪನಿ ದಿವಾಳಿಯ ಹಾದಿ ಹಿಡಿಯಿತು. ತಯಾರಕರನ್ನೊಬ್ಬರನ್ನೇ ನೆಚ್ಚಬೇಡಿ ಅನ್ನುವುದು ಅದಕ್ಕೇ. ದೋಣಿ ತಳಕ್ಕೆ ಲಘುವಾಗಿ ತಾಗಿದ್ದರೂ ಲಾಗ್‌ಬುಕ್ಕಿನಲ್ಲಿ ಬರೆದು, ನೀರಿನಿಂದ ಎತ್ತಿಸಿ ನೋಡಿಸಿ, ರಸೀದಿ ಇಟ್ಟುಕೊಂಡಿರಬೇಕು.

ಪಡುಗಾಳಿ: ಇದೇ ದೋಣಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ?

ಲಂಗರು: ಖಾಸಗಿ ಮಾಲೀಕರಿಂದ ಕೊಂಡರೆ ಗುಣಮಟ್ಟದ ಖಾತರಿ ಇಲ್ಲ, ಅವರು ಹೇಳಿದ ವಿವರಣೆಗೆ ದೋಣಿ ಹೊಂದಬೇಕು ಅಷ್ಟೇ. ಕೊಳ್ಳುವ ಮುಂಚೆ ನೀವೇ ನೇಮಿಸಿದ ಸರ್ವೇಯರ್ ಕಾಣುವಂಥ ದೋಷ ಬಿಟ್ಟಿದ್ದರೆ ಅವರನ್ನು ಕೇಳಬಹುದು. ವಿಮೆ ಪತ್ರದಲ್ಲಿ 'ಗುಪ್ತ ದೋಷ' ಎಂಬ ಷರತ್ತು ಹುಡುಕಿ: ಹಲವು ಪಾಲಿಸಿಗಳು ಆ ದೋಷದಿಂದಾದ ಹಾನಿ ತುಂಬಿಕೊಡುತ್ತವೆ, ದೋಷವಿದ್ದ ಭಾಗದ ಖರ್ಚನ್ನಲ್ಲ.