ಸಹಾಯ ಬೇಕು: ಎಂಜಿನ್ ಕೆಟ್ಟ ಕಾರನ್ನು ದುರಸ್ತಿ ಮಾಡಿಸಬೇಕೇ, ಗುಜರಿಗೆ ಹಾಕಬೇಕೇ?

ನಮ್ಮ ಹಳೆಯ ಪೆಟ್ರೋಲ್ ಕಾರಿನ ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಪಟ್ಟಿ) ಓಡುತ್ತಿರುವಾಗಲೇ ತುಂಡಾಗಿದೆ. ಈ ಬಗೆಯ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ತೆರೆದಿರುವ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಅವು ಬಾಗುತ್ತವೆ. ಹೊಸ ಬೆಲ್ಟ್ ಹಾಕಿ ಕಂಪ್ರೆಷನ್ ಪರೀಕ್ಷಿಸಿದಾಗ ಎರಡು ಸಿಲಿಂಡರ್‌ಗಳಲ್ಲಿ ಒತ್ತಡವೇ ಬಾರದಿದ್ದುದು ಅದನ್ನೇ ಸೂಚಿಸುತ್ತದೆ. ಹಾನಿ ವಾಲ್ವ್‌ಗಳಿಗಷ್ಟೇ ಸೀಮಿತವಾಗಿದ್ದರೆ ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗವನ್ನು, ಅಂದರೆ ಸಿಲಿಂಡರ್ ಹೆಡ್ ಅನ್ನು, ಬಿಚ್ಚಿ ಸರಿಪಡಿಸಬಹುದು, ಆದರೆ ಪಿಸ್ಟನ್ ಒಡೆದಿದ್ದರೆ ಅಥವಾ ಸಿಲಿಂಡರ್ ಗೋಡೆಗೆ ಆಳವಾದ ಗೀರು ಬಿದ್ದಿದ್ದರೆ ಖರ್ಚು ಕಾರಿನ ಮಾರುಕಟ್ಟೆ ಬೆಲೆಯನ್ನೇ ಮೀರೀತೆಂಬ ಆತಂಕ ನನಗಿದೆ. ಗೇರ್‌ಬಾಕ್ಸ್ ಚೆನ್ನಾಗಿದೆ, ಚಾಸಿಗೆ ತುಕ್ಕು ಹಿಡಿದಿಲ್ಲ. ಆದ್ದರಿಂದ ಗುಜರಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಸ್ಪಾರ್ಕ್ ಪ್ಲಗ್ ರಂಧ್ರದ ಮೂಲಕ ಬೋರ್‌ಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆ) ಇಳಿಸಿ ನೋಡಿದರೆ, ಹೆಡ್ ಬಿಚ್ಚದೆಯೇ, ನಿರ್ಧಾರಕ್ಕೆ ಸಾಕಾಗುವಷ್ಟು ತಿಳಿಯುತ್ತದೆಯೇ? ಬಳಸಿದ ಎಂಜಿನ್ ಕೂರಿಸಿಕೊಂಡವರು ಅದು ಎಷ್ಟು ಬಾಳಿಕೆ ಬಂದಿತೆಂಬುದನ್ನೂ ದಯವಿಟ್ಟು ತಿಳಿಸಿ.